ಅಲೆ ಕಾಯ್ದ ಹಂಡ

ನನ್ನಿವಾಳ
18-11-2025, ಮಂಗಳವಾರ

ನಮ್ಮ ವಂಶದ ಮೊದಲ ಪೊಲೀಸಮ್ಮ ಸೌಂದರ್ಯಳಿಗೆ,

ನಿನ್ನ ಕಾಟಪ್ಪ ಮಾವ ನನ್ನಿವಾಳದಿಂದ ಸೆಲ್ಯೂಟ್ ಹೊಡೆದು ಬರೆಯುವುದೇನೆಂದರೆ, ಸೆಲ್ಯೂಟನ್ನು ಎಡಗೈಯಲ್ಲಿ ಹೊಡೆದಿದ್ದೇನೆ, ಬಲಗೈಯಲ್ಲಿ ಪೆನ್ನು ಇದೆ, ತಪ್ಪು ತಿಳಿಯಬೇಡ. ನಾನೂ ನಿಮ್ಮತ್ತೆಯೂ ಗಟ್ಟಿಯಾಗಿದ್ದೇವೆ. ಅಲ್ಲಿ ಟ್ರೈನಿಂಗಿನಲ್ಲಿ ನಿನಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಸಿಗುತ್ತಿದೆಯೋ ಇಲ್ಲವೋ? ಬೆಳಗಿನ ಓಟದಲ್ಲಿ ನೀನೇ ಮುಂದೆ ಎಂದು ಕೇಳಿದೆ. ಅದರಲ್ಲಿ ಆಶ್ಚರ್ಯವಿಲ್ಲ, ಕಾಲು ನಮ್ಮ ಕಡೆಯದು.

ಕಾಗದ ಬರೆಯುತ್ತೇನೆ ಎಂದು ಹೇಳಿ ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ಮೊದಲು ಈರುಳ್ಳಿ ಕೀಳುವ ಕೆಲಸ ಬಂತು, ಆಮೇಲೆ ಈರುಳ್ಳಿ ಸಾಗಿಸುವ ಕೆಲಸ ಬಂತು, ಆಮೇಲೆ ಪೋಸ್ಟ್ ಆಫೀಸಿನಲ್ಲಿ ಲಕೋಟೆ ಮುಗಿದಿತ್ತು. ಅಲ್ಲಿ ಕೂತಿದ್ದ ಹುಡುಗಿ ನಗುತ್ತಾ ಕೇಳಿದಳು, "ಯಾರಿಗೆ ಕಾಗ್ದ ಬರೀತೀರಿ ಈ ಕಾಲ್ದಾಗೆ? ಒಂದು ಮೆಸೇಜ್ ಹಾಕ್ರಿ." ನಾನು ಗಂಟಲು ಸರಿಮಾಡಿಕೊಂಡು, "ಪೊಲೀಸ್ ಇಲಾಖೆಗಮ್ಮ. ಅವ್ರಿಗೆಲ್ಲ ಬರವಣಿಗೇಲೇ ಕೊಡ್ಬೇಕು" ಅಂದೆ. ಕೂಡಲೇ ಒಳಗಿಂದ ಹುಡುಕಿ ಎರಡು ಲಕೋಟೆ ತಂದುಕೊಟ್ಟಳು. ನಿನ್ನ ನೌಕರಿ ಇನ್ನೂ ಶುರುವಾಗಿಲ್ಲ, ನನಗೆ ಆಗಲೇ ಉಪಯೋಗಕ್ಕೆ ಬರುತ್ತಿದೆ.

ಭಾನುವಾರ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬಹುದು ನೀನು. ಹೇಗೆ ಹೇಳಲಿ? ಅವರು ನಿಮ್ಮ ಕೈಗೆ ಫೋನು ಕೊಡುವುದೇ ವಾರಕ್ಕೆ ಒಂದು ಸಲ, ಅದರಲ್ಲೂ ನಾನು "ನಿಮ್ಮವ್ವ" ಎಂದು ಬಾಯಿ ತೆಗೆದ ಕೂಡಲೇ "ಟೈಮ್ ಆಯ್ತು ಮಾವ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಆಗುವುದಿಲ್ಲ. ಮಡಚಿ ಟ್ರಂಕಿನಲ್ಲಿ ಹಾಕಿದರೂ ಅದರ ಹೊಟ್ಟೆಯಲ್ಲಿ ಮಾತು ಇದ್ದೇ ಇರುತ್ತದೆ. ಇದನ್ನು ಯೋಚನೆ ಮಾಡಿದವನು ನಾನೇ, ನಿಮ್ಮತ್ತೆ ತಾನು ಹೇಳಿಕೊಟ್ಟೆ ಅನ್ನುತ್ತಾಳೆ, ನಂಬಬೇಡ.

ಹಂಡನ ಸುದ್ದಿಯಿಂದಲೇ ಶುರುಮಾಡುತ್ತೇನೆ. ನೀನು ಕೇಳುವುದು ಅದೊಂದನ್ನೇ ತಾನೆ.

ನಮ್ಮ ಭಾವ, ಅಂದರೆ ನಿಮ್ಮಪ್ಪ, ಆಷಾಢದಲ್ಲಿ ತೀರಿಕೊಂಡಾಗಿನಿಂದ ಆ ನಾಯಿ ಮಂಕಾಗಿತ್ತು. ಆದರೂ ಕುರಿ ಇರುವವರೆಗೆ ಅದಕ್ಕೊಂದು ಕೆಲಸವಿತ್ತು. ಬೆಳಿಗ್ಗೆ ಎದ್ದರೆ ಹಿಂಡಿನ ಹಿಂದೆ ಮೇಯುವ ಕಾವಲಿಗೆ, ಸಂಜೆ ಹಿಂಡಿನ ಹಿಂದೆ ಕುರಿ ಕೂಡುವ ರೊಪ್ಪಕ್ಕೆ. ಶ್ರಾವಣದಲ್ಲಿ ನಿಮ್ಮವ್ವ ಇದ್ದಕ್ಕಿದ್ದಂತೆ ಇಡೀ ಹಿಂಡನ್ನು ಮೊಳಕಾಲ್ಮುರು ಕಡೆಯ ವ್ಯಾಪಾರಿಗೆ ಕೊಟ್ಟುಬಿಟ್ಟಳಲ್ಲ, ಆ ದಿನ ಹಂಡ ಲಾರಿಯ ಹಿಂದೆ ತಳಕಿನವರೆಗೂ ಓಡಿ ಹೋಗಿದ್ದ. ನಾನು ಬೈಕಿನಲ್ಲಿ ಹೋಗಿ ಹಿಡಿದುಕೊಂಡು ಬಂದೆ. ಅಂದಿನಿಂದ ಖಾಲಿ ರೊಪ್ಪದ ಬಾಗಿಲಿಗೆ ಮೂತಿ ಇಟ್ಟುಕೊಂಡು ಮಲಗಿದವನು ಮಲಗಿದವನೇ. ಮುದ್ದೆ ಹಾಕಿದರೆ ಮೂಸಿ ಸುಮ್ಮನಾಗುತ್ತಿದ್ದ. ಹಾಲಿಟ್ಟರೆ ಬೆಕ್ಕು ಕುಡಿಯುತ್ತಿತ್ತು. ಪಕ್ಕೆಲುಬು ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಚಳ್ಳಕೆರೆಯ ದನದ ಡಾಕ್ಟರಿಗೆ ತೋರಿಸಿದೆವು. ಅವರು ಬಾಯಿ ಬಿಡಿಸಿ, ಕಣ್ಣು ಬಿಡಿಸಿ, "ರೋಗ ಏನೂ ಇಲ್ಲ ಕಣಪ್ಪ, ಇದಕ್ಕೆ ಬದುಕೋ ಮನ್ಸಿಲ್ಲ. ಎಲ್ಲಾದ್ರೂ ಬೇರೆ ಜಾಗಕ್ಕೆ ಕರ್ಕೊಂಡು ಹೋಗಿ ನೋಡು" ಎಂದರು.

ನೀನು ಫೋನಿನಲ್ಲಿ ಅಂದ ಮಾತು ನನಗೆ ಮರೆತಿಲ್ಲ. "ಅಪ್ಪಂದು ಅಂತ ಉಳಿದಿರೋದು ಅದೊಂದೇ ಮಾವ. ಹಂಡನೂ ಹೋದ್ರೆ ನಾನು ಆ ಮನೆ ಹೊಸ್ತಿಲು ತುಳಿಯಲ್ಲ." ಹಾಗೆ ಹೇಳಿ ಇಟ್ಟೆ. ನಾಯಿಯೊಂದು ಊಟ ಬಿಟ್ಟರೆ ತಾಯಿ ಮಗಳ ನಡುವಿನ ದಾರಿ ಮುಚ್ಚಿಹೋಗುತ್ತದೆ ಅನ್ನುವುದು ಯಾವ ಲೆಕ್ಕ? ಆದರೆ ಹಾಗೇ ಆಗಿತ್ತು.

ಅಷ್ಟರಲ್ಲಿ ನನ್ನ ಪಿಕಪ್ ಗಾಡಿಗೆ ಕುಂದಾಪುರಕ್ಕೆ ಈರುಳ್ಳಿ ಲೋಡ್ ಸಿಕ್ಕಿತು. ಡಾಕ್ಟರು ಹೇಳಿದ ಬೇರೆ ಜಾಗ ಇದೇ ಎಂದು ನನ್ನ ತಲೆಗೆ ಹೊಳೆಯಿತು. ಕಡಲು! ನಮ್ಮ ಕಡೆಯ ನಾಯಿ ಕಡಲು ನೋಡಿದ ಉದಾಹರಣೆ ನನಗೆ ಗೊತ್ತಿಲ್ಲ. ಅರಳಿಕಟ್ಟೆಯ ಮೇಲೆ ಕೂತು ಹೇಳಿದೆ, "ನಾಳೆ ಹಂಡನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ತಾ ಇದೀನಿ." ಪಕ್ಕದ ಹೊಲದ ಜಂಬುಲಿಂಗಪ್ಪ ಬೀಡಿ ಬಾಯಿಂದ ತೆಗೆದು ಕೇಳಿದ, "ಯಾಕ್ಲೇ, ಅದೇನು ಹನಿಮೂನಾ?" ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. "ಕಡ್ಲು ಅಂದ್ರೆ ನನಗೆ ನಮ್ಮನೆ ಹಿತ್ಲು ಇದ್ದಂಗೆ. ಎಷ್ಟು ಸಲ ಹೋಗಿಲ್ಲ ನಾನು!" ಅಂದೆ.

ಹೊರಡುವ ದಿನ ಹಂಡನನ್ನು ಎತ್ತಿ ಗಾಡಿಯಲ್ಲಿ ಕೂರಿಸಿದರೆ ಇಳಿದು ಹೋಗಿ ರೊಪ್ಪದ ಬಾಗಿಲಲ್ಲಿ ಮಲಗುತ್ತಿದ್ದ. ಮೂರನೆಯ ಸಲ ನಿಮ್ಮವ್ವ ಒಳಗಿನಿಂದ ಬಂದಳು. ಭಾವನ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡಿದ್ದಳು, ಕೈಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ನನ್ನನ್ನು ಒಂದು ಮಾತು ಕೇಳದೆ ಮುಂದಿನ ಸೀಟಿನಲ್ಲಿ ಹತ್ತಿ ಕೂತು, ಕಂಬಳಿಯನ್ನು ಕಾಲ ಬುಡದಲ್ಲಿ ಹಾಸಿದಳು. ಹಂಡ ಎದ್ದು ಬಂದು ಅದರ ಮೇಲೆ ಸುರುಳಿ ಸುತ್ತಿಕೊಂಡ.

"ನೀನೂ ಬರ್ತೀಯಾ ಅಕ್ಕ?" ಎಂದೆ.

"ಇಲ್ಲಾ, ಇಲ್ಲೇ ಕೂತು ಗಾಡಿ ಕಾಯ್ತೀನಿ. ಹೊಡಿಯೋ ಸುಮ್ನೆ" ಅಂದಳು.

ಭಾವ ಹೋದ ಮೇಲೆ ಅವಳು ನನ್ನ ಜೊತೆ ತಮಾಷೆಯಾಗಿ ಆಡಿದ ಮೊದಲ ಮಾತು ಅದು. ನಾನು ಗೇರ್ ಹಾಕಿದೆ.

ಶಿವಮೊಗ್ಗ ದಾಟಿ, ಹೊಸನಗರ ದಾಟಿ ಘಾಟಿ ಇಳಿದದ್ದನ್ನೆಲ್ಲ ಬರೆದರೆ ಕಾಗದ ಸಾಲದು. ನನ್ನ ಡ್ರೈವಿಂಗ್ ಹೇಗಿತ್ತು ಎಂದು ನಿಮ್ಮವ್ವನನ್ನು ಕೇಳು, ಉದ್ದಕ್ಕೂ ಕಣ್ಣು ಮುಚ್ಚಿಕೊಂಡು ನಾಯಕನಹಟ್ಟಿ ತಿಪ್ಪೇಸ್ವಾಮಿಯನ್ನು ನೆನೆಯುತ್ತಿದ್ದಳು, ಅಷ್ಟು ನೆಮ್ಮದಿ ಅವಳಿಗೆ. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಇಳಿಸಿ ಮೊದಲು ಮರವಂತೆಗೆ ಹೋದೆವು. ಅಲ್ಲಿ ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ನೋಡಲು ಎರಡು ಕಣ್ಣು ಸಾಲವು ನಿಜ, ಆದರೆ ನಡುವೆ ಹೆದ್ದಾರಿ. ಲಾರಿಗಳು ಕಿವಿಯ ಪಕ್ಕದಲ್ಲೇ ಹೋದಂತೆ ಹೋಗುತ್ತವೆ. ಹಂಡ ಕೆಳಗಿಳಿದ, ಒಂದು ಲಾರಿ ಹಾರನ್ ಹೊಡೆಯಿತು, ಮತ್ತೆ ಹತ್ತಿಬಿಟ್ಟ.

ನಿಮ್ಮವ್ವ ಮಾತ್ರ ಕಡಲನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಕೇಳಿದಳು, "ಕಾಟ, ಇಷ್ಟು ನೀರು ಐತಲ್ಲ, ಇದ್ಕೆ ಕೋಡಿ ಎಲ್ಲಿ ಬೀಳ್ತೈತೆ?"

ಕೆರೆಗಾದರೆ ಕೋಡಿ ಇರುತ್ತದೆ, ತೂಬು ಇರುತ್ತದೆ. ಕಡಲಿಗೆ? "ಆ ಕಡೆ ಐತೆ, ಇಲ್ಲಿಗೆ ಕಾಣಲ್ಲ" ಅಂದೆ.

"ನೀನು ಮುಂಚೆ ನೋಡಿದೀಯಾ?"

"ಎಷ್ಟೋ ಸಲ."

"ಹಂಗಾರೆ ಈಗ್ಯಾಕೆ ಬಾಯಿ ಬಿಟ್ಕೊಂಡು ನೋಡ್ತಾ ಇದೀಯಾ?"

ಇಷ್ಟು ವರ್ಷದಲ್ಲಿ ಎಷ್ಟೋ ಲೋಡ್ ತಂದಿದ್ದೇನೆ, ಆದರೆ ಮಾರ್ಕೆಟ್ಟಿಗೆ ಬಂದು ಮಾರ್ಕೆಟ್ಟಿನಿಂದಲೇ ವಾಪಸು. ನಾನೂ ಕಡಲು ನೋಡಿದ್ದು ಅವತ್ತೇ. ಇದನ್ನು ಜಂಬುಲಿಂಗಪ್ಪನ ಕಿವಿಗೆ ಹಾಕಿದರೆ ನಿನ್ನ ಮೇಲೆ ಕೇಸು ಹಾಕುತ್ತೇನೆ.

ಆಮೇಲೆ ಹೋದದ್ದು ಒಂದು ದೊಡ್ಡ ಬೀಚು. ಕೊಡೆಗಳು, ಐಸ್‌ಕ್ರೀಮು, ಕುದುರೆ, ಒಂಟೆ, ನೀರಿನ ಮೇಲೆ ಭರ್ರನೆ ಓಡುವ ಸ್ಕೂಟರು. ಒಂಟೆ ಬರಬಹುದಂತೆ, ನಾಯಿ ಬರಬಾರದಂತೆ. ಚುರುಮುರಿ ಅಂಗಡಿಯವನೊಬ್ಬ ಓಡಿ ಬಂದು, "ನಾಯಿ ತಕ್ಕೊಂಡು ಹೋಗಿ ಮಾರಾಯ್ರೇ, ಟೂರಿಸ್ಟಿನವರು ಹೆದರ್ತಾರೆ" ಎಂದ. ನಾನು ಸುಮ್ಮನಿರುವವನೇ? "ಸ್ವಾಮಿ, ಇದು ಅಂತಿಂಥ ನಾಯಿಯಲ್ಲ. ಕಾವಲಿನಾಗೆ ತೋಳ ಓಡಿಸಿದ ನಾಯಿ. ಇದ್ರ ಯಜಮಾನ್ತಿ ಪೊಲೀಸು" ಎಂದೆ. ಅವನು ನಿಮ್ಮವ್ವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನಿಮ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನನ್ನು ನೋಡಿದಳು. ಪಾಪ, ಎರಡು ಹೆಜ್ಜೆ ಹಿಂದೆ ಸರಿದ. ಆದರೂ ನಮ್ಮನ್ನು ಒಳಗೆ ಬಿಡಲಿಲ್ಲ.

ಅಲ್ಲೇ ಬಸ್ಸಿಗೆ ಕಾಯುತ್ತಾ ಖಾಲಿ ಮೀನಿನ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದರು. ಹೆಸರು ಗುಲಾಬಕ್ಕ. ಇದನ್ನೆಲ್ಲ ನೋಡಿ ನಕ್ಕು, "ಹ್ವಾಯ್, ನಾಯಿ ಬಿಡುಕ್ ಜಾಗ ಬೇಕಾ? ನಮ್ಮ ಕಡೆ ಬನಿ. ಅಲ್ಲಿ ನಾಯಿಗ್ ಯಾರೂ ಎಂತ ಹೇಳುದಿಲ್ಲ" ಎಂದರು. ಅವರಿಗೂ ಗಾಡಿ ಸಿಕ್ಕಿತು, ನಮಗೂ ದಾರಿ ಸಿಕ್ಕಿತು. ನಿಮ್ಮವ್ವನಿಗೂ ಅವರಿಗೂ ಮಾತು ಶುರುವಾಯಿತು ನೋಡು, ಇಬ್ಬರದೂ ಕನ್ನಡವೇ, ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿಯದು, ನಡುವೆ ನಾನು ದುಭಾಷಿ. ನನಗೂ ತಿಳಿಯದ ಕಡೆ ನನಗೆ ತೋಚಿದ್ದನ್ನು ಹೇಳಿದೆ. ಇಬ್ಬರೂ ತಲೆಯಾಡಿಸಿದರು.

ಆ ಜಾಗದ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ ಸೌಂದರ್ಯ. ತೆಂಗಿನ ತೋಟದ ನಡುವೆ ಒಂದು ಮಣ್ಣಿನ ದಾರಿ, ಅದು ಮುಗಿಯುವಲ್ಲಿ ಗಾಳಿಮರದ ಸಾಲು, ಅದರಾಚೆ ಕಡಲು. ಅಷ್ಟೇ. ಅಂಗಡಿಯಿಲ್ಲ, ಒಂಟೆಯಿಲ್ಲ. ದಡಕ್ಕೆ ಎಳೆದು ಹಾಕಿದ ದೋಣಿಗಳು, ಒಂದೊಂದು ದೋಣಿಯ ನೆರಳಿಗೂ ಒಂದೊಂದು ನಾಯಿ. ಬಲೆ ಹೆಣೆಯುತ್ತಿದ್ದ ಇಬ್ಬರು ಮುದುಕರು ತಲೆಯೆತ್ತಿ ನೋಡಿ ಮತ್ತೆ ಹೆಣೆಯತೊಡಗಿದರು. ದೋಣಿಯ ನಾಯಿಗಳು ಬಂದು ಹಂಡನನ್ನು ಮೂಸಿದವು. ಒಂದೂ ಗುರ್ ಅನ್ನಲಿಲ್ಲ. ಹಂಡನೂ ಏನೂ ಅನ್ನಲಿಲ್ಲ. ಮರಳಿನ ಮೇಲೆ ಮೂತಿಯಿಟ್ಟು ಮಲಗಿದ, ಅದೇ ರೊಪ್ಪದ ಬಾಗಿಲಲ್ಲಿ ಮಲಗಿದ ಹಾಗೆ. ಇಷ್ಟು ದೂರ ಬಂದದ್ದು ದಂಡವಾಯಿತಲ್ಲ ಎಂದುಕೊಂಡೆ. ನಿಮ್ಮವ್ವ ರೊಟ್ಟಿ ಮುರಿದು ಅವನ ಬಾಯಿಯ ಹತ್ತಿರ ಹಿಡಿದಳು. ಮುಖ ತಿರುಗಿಸಿಕೊಂಡ.

ಗುಲಾಬಕ್ಕ ಗಂಜಿ ಉಂಡು ಹೋಗಿ ಎಂದು ಬಲವಂತ ಮಾಡಿದರು. ಮನೆ ಅಲ್ಲೇ ಮರಗಳ ಹಿಂದೆ. ನಾನೊಂದು ಬುದ್ಧಿವಂತಿಕೆಯ ಕೆಲಸ ಮಾಡಿದೆ. ನಮ್ಮ ಕಡೆ ಕುರಿಯೋ ದನವೋ ಕೆರೆಯ ಬಳಿ ಬಿಟ್ಟು ಹೋಗುವಾಗ ಏನು ಮಾಡುತ್ತೇವೆ? ನೀರಿನ ಅಂಚಿಗೇ ಗೂಟ ಹೊಡೆದು ಕಟ್ಟುತ್ತೇವೆ. ಬಾಯಾರಿದರೆ ತಾನೇ ಕುಡಿದುಕೊಳ್ಳುತ್ತದೆ, ನೆಲವೂ ತಂಪು. ಹಾಗೆಯೇ ಹಂಡನನ್ನು ನೀರಿನ ಅಂಚಿಗೆ ಕರೆದೊಯ್ದು ಗಟ್ಟಿಯಾದ ಗೂಟ ಹೊಡೆದು, ಕತ್ತಿಗೆ ಹಗ್ಗ ಹಾಕಿ ಕಟ್ಟಿದೆ. "ನಾನು ಹೊಡೆದ ಗೂಟ ಆನೆ ಎಳದ್ರೂ ಬರಲ್ಲ" ಎಂದು ನಿಮ್ಮವ್ವನಿಗೆ ಹೇಳಿದ್ದೂ ಉಂಟು.

ಗುಲಾಬಕ್ಕನ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಮೀನಿನ ಸಾರು. ಉಂಡು ಎಲೆ ಅಡಿಕೆ ಹಾಕಿಕೊಂಡು ನಾನು ನಮ್ಮೂರ ದೊಡ್ಡಸ್ತಿಕೆ ಶುರುಮಾಡಿದೆ. ಚಳ್ಳಕೆರೆಯ ಎಣ್ಣೆ, ಚಳ್ಳಕೆರೆಯ ಕಂಬಳಿ, ಚಳ್ಳಕೆರೆಯ ನಾನು. ಮಾತಿನ ನಡುವೆ ಗುಲಾಬಕ್ಕ ಸಹಜವಾಗಿ ಕೇಳಿದರು, "ನಾಯಿ ಎಲ್ಲಿ ಕಟ್ಟಿದ್ರಿ?"

"ನೀರಿನ ಅಂಚಿಗೆ. ಬಾಯಾರಿಕೆ ಆದ್ರೆ ಕುಡೀಲಿ ಅಂತ."

ಅವರ ಕೈಯ ಸೌಟು ಕೆಳಗೆ ಬಿತ್ತು. "ಅಯ್ಯೋ ದೇವ್ರೇ! ಉಪ್ಪು ನೀರು ಕುಡಿತ್ತಾ ಅದು? ಕಡ್ಲ್ ನಿಮ್ಮ ಕೆರೆ ಅಂದ್ಕಂಡ್ರಾ? ನೀರ್ ಏರು ಹೊತ್ತಲ್ದಾ ಇದು! ಓಡಿ, ಓಡಿ!"

ನೀರು ಏರುವುದೆಂದರೇನು ಎಂದು ನನಗೆ ಅರ್ಥವೇ ಆಗಲಿಲ್ಲ. ನಮ್ಮ ಕೆರೆಯ ನೀರು ಇದ್ದಲ್ಲಿ ಇರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ, ಮಳೆ ಬಂದರೆ ತುಂಬುತ್ತದೆ. ಮಟಮಟ ಮಧ್ಯಾಹ್ನ, ಮೋಡವಿಲ್ಲದೆ, ಊಟ ಮಾಡಿ ಏಳುವಷ್ಟರಲ್ಲಿ ನೀರು ಎದ್ದು ನಡೆದುಕೊಂಡು ಬರುತ್ತದೆ ಎಂದು ಏಳನೇ ಕ್ಲಾಸಿನವರೆಗೂ ಯಾವ ಮೇಷ್ಟರೂ ನನಗೆ ಹೇಳಿಕೊಟ್ಟಿರಲಿಲ್ಲ. ಭೂಗೋಳದಲ್ಲಿ ನಾನೇ ಮುಂದಿದ್ದೆ ಬೇರೆ.

ಮರಗಳನ್ನು ದಾಟಿ ನೋಡಿದರೆ ನಾವು ಕೂತಿದ್ದ ಮರಳೇ ಇಲ್ಲ. ಎಲ್ಲ ನೀರು. ದೂರದಲ್ಲಿ ನೀರಿನ ಮೇಲೆ ಹಂಡನ ತಲೆ ಮಾತ್ರ. ನಾನು ಹೆದರಿದ್ದು ಅದಕ್ಕಲ್ಲ ಸೌಂದರ್ಯ. ಅವನು ಬೊಗಳುತ್ತಿರಲಿಲ್ಲ. ಹಗ್ಗ ಎಳೆಯುತ್ತಿರಲಿಲ್ಲ. ಅಲೆ ಬಂದರೆ ಮುಖದ ಮೇಲೆ ಹೋಗುತ್ತಿತ್ತು, ಅವನು ಸುಮ್ಮನೆ ಕೂತಿದ್ದ. ಬರುವುದು ಬರಲಿ ಅನ್ನುವ ಹಾಗೆ.

ನಾನು ಮೊಣಕಾಲುದ್ದ ನೀರಿಗೆ ಇಳಿದೆ. ಕಾಲ ಕೆಳಗಿನ ಮರಳು ಜಾರಿತು. ಹೇಳಬಾರದು, ಕಾಲು ಕಿತ್ತು ಮುಂದಿಡಲಾಗಲಿಲ್ಲ. ಅಷ್ಟರಲ್ಲಿ ನನ್ನ ಪಕ್ಕದಿಂದ ಯಾರೋ ಸರ್ರನೆ ಹೋದರು. ನಿಮ್ಮವ್ವ! ಕೆರೆ ನೀರಿಗೂ ಇಳಿದಿರದ ನನ್ನ ಅಕ್ಕ ರಂಗಕ್ಕ, ಸೀರೆ ಕಚ್ಚೆ ಹಾಕಿಕೊಂಡು ತೊಡೆಯುದ್ದ ನೀರಿನಲ್ಲಿ ನಡೆದೇ ಹೋದಳು. ಅಲೆ ಬಂದು ಹೊಡೆಯಿತು, ಬಿದ್ದಳು, ಎದ್ದಳು. ಗೂಟದ ಹತ್ತಿರ ಹೋಗಿ ಗಂಟು ಬಿಚ್ಚಲು ನೋಡಿದಳು. ನಾನು ಹಾಕಿದ ಗಂಟು, ನೆನೆದು ಕಲ್ಲಾಗಿತ್ತು. "ಏಳೋ! ಎಳಿಯೋ ಹಂಡ!" ಎಂದು ಕೂಗಿದಳು. ಕದಲಲಿಲ್ಲ. ಕೊರಳಿಗೆ ಕೈಹಾಕಿ ಎತ್ತಿದಳು. ಕಲ್ಲು ಚೀಲದ ಹಾಗೆ ಕೂತಿದ್ದ.

ಆಗ ಅವಳು ಭಾವನ ಹಾಗೆ ಕೂಗು ಹಾಕಿದಳು. "ಡುರ್ರ್ರ್ರ್ರ್... ಹೋ ಹೋ ಹೋಯ್!" ಹಿಂಡು ಚದುರಿದಾಗ ಕಾವಲಿನ ಆ ತುದಿಯಿಂದ ಕೇಳಿಸುತ್ತಿತ್ತಲ್ಲ, ಅದೇ ಕೂಗು. ಅವಳು ಒಂದು ದಿನವೂ ಹಾಗೆ ಕೂಗಿದ್ದನ್ನು ನಾನು ಕೇಳಿಲ್ಲ. ಇಷ್ಟು ವರ್ಷ ಬುತ್ತಿ ಹೊತ್ತುಕೊಂಡು ಹೋಗಿ ಕೇಳಿ ಕೇಳಿ ಗಂಟಲಿಗೇ ಇಳಿದುಬಿಟ್ಟಿತ್ತೋ ಏನೋ.

ಹಂಡನ ಎರಡು ಕಿವಿ ನೆಟ್ಟಗಾದವು. ಒಂದೇ ನೆಗೆತ! ಗೂಟ ಬುಡಸಮೇತ ಕಿತ್ತುಕೊಂಡು ಬಂತು. ನೆನೆದ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ ಎಂದು ಆಮೇಲೆ ಗುಲಾಬಕ್ಕ ಹೇಳಿದರು, ಇಲ್ಲವಾದರೆ ನಾನು ಹೊಡೆದ ಗೂಟ ಅಷ್ಟು ಸುಲಭಕ್ಕೆ ಬರುವುದಲ್ಲ. ಹಗ್ಗ ಗೂಟ ಎಲ್ಲ ಎಳೆದುಕೊಂಡು ಅವನು ಮುಂದೆ, ಅವನ ಬಾಲ ಹಿಡಿದುಕೊಂಡು ನಿಮ್ಮವ್ವ ಹಿಂದೆ, ಇಬ್ಬರೂ ದಡಕ್ಕೆ ಬಂದು ಬಿದ್ದರು.

ನಾನು ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. ಬೈದಳು. ಅದನ್ನು ಪೊಲೀಸ್ ಇಲಾಖೆಗೆ ಹೋಗುವ ಕಾಗದದಲ್ಲಿ ಬರೆಯುವ ಹಾಗಿಲ್ಲ. ಹಂಡನ ಕತ್ತಿನ ಹಗ್ಗವನ್ನು ಗುಲಾಬಕ್ಕ ಮೀನು ಕೊಯ್ಯುವ ಕತ್ತಿಯಿಂದ ಕತ್ತರಿಸಿ ಎಸೆದರು.

ಈಗ ಹೇಳುವುದನ್ನು ನೀನು ನಂಬಲೇಬೇಕು, ನಿಮ್ಮವ್ವ ಸಾಕ್ಷಿ. ಹಂಡ ಮೈ ಕೊಡವಿಕೊಂಡು ಎದ್ದು ನಿಂತು ಕಡಲನ್ನು ನೋಡಿದ. ಕೂಗು ಬಂದಿದೆ, ಅಂದರೆ ಹಿಂಡು ಎಲ್ಲೋ ಚದುರಿದೆ. ಎಲ್ಲಿ? ನೋಡಿದರೆ ಎದುರಿಗೇ ಬೆಳ್ಳಗೆ, ನೊರೆನೊರೆಯಾಗಿ, ಒಂದರ ಹಿಂದೆ ಒಂದು, ಸಾಲುಸಾಲಾಗಿ ಬರುತ್ತಿವೆ! ನಾನು ನೋಡಿದರೆ ಅಲೆ, ಅವನು ನೋಡಿದರೆ ಕುರಿ. ಒಂದು ಕೂಗು ಹಾಕಿದ ನೋಡು, ಆಷಾಢದಿಂದ ಕೇಳದ ಬೊಗಳು. ಓಡಿದ! ಅಲೆಯ ಅಂಚಿಗೇ ಈ ತುದಿಯಿಂದ ಆ ತುದಿಗೆ ಓಡಿದ, ಬಗ್ಗಿ ಓಡಿದ, ತಿರುಗಿ ಬಂದ. ಅಲೆ ದಡಕ್ಕೆ ಏರಿದರೆ ಎದುರು ನಿಂತು ಬೊಗಳುತ್ತಾನೆ, ಅದು ಹಿಂದೆ ಸರಿಯುತ್ತದೆ, ಇವನಿಗೆ ತಾನೇ ಓಡಿಸಿದೆ ಎಂದು ಜಂಬ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ನುಗ್ಗುತ್ತದೆ, ಅದರ ಕಡೆಗೆ ಓಡುತ್ತಾನೆ. ದೋಣಿಯ ನಾಯಿಗಳು ಎದ್ದು ನೋಡಿದವು. ಒಂದು ಬಂತು, ಎರಡು ಬಂದವು, ಕೊನೆಗೆ ಅಷ್ಟೂ ನಾಯಿಗಳು ಅವನ ಹಿಂದೆ. ಬಲೆ ಹೆಣೆಯುವ ಮುದುಕರು ಬಲೆ ಕೆಳಗಿಟ್ಟು ಬಾಯಿ ಬಿಟ್ಟು ನಕ್ಕರು. "ಇಷ್ಟ್ ಕಾಲ ಕಡಲ್ ಕಾದದ್ದ್ ನಾವಲ್ದಾ? ಈಗ ನಾಯಿ ಬಂತ್ ಕಾಣಿ" ಎಂದ ಒಬ್ಬ.

ನಿಮ್ಮವ್ವ ಒದ್ದೆ ಸೀರೆಯಲ್ಲಿ ಮರಳಿನ ಮೇಲೆ ಕೂತು ನಗತೊಡಗಿದಳು. ಮೊದಲು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು, ಆಮೇಲೆ ಅಡ್ಡವೇ ಇಲ್ಲದೆ ನಕ್ಕಳು. "ಲೋ ಹಂಡ, ಅವು ನಿನ್ನ ಮಾತು ಕೇಳಲ್ಲ ಕಣೋ, ಅವಕ್ಕೆ ರೊಪ್ಪ ಇಲ್ಲ ಕಣೋ" ಎಂದು ಕೂಗಿದಳು. ನಗುತ್ತಾ ನಗುತ್ತಲೇ ಅಳತೊಡಗಿದಳು. ಭಾವ ತೀರಿಕೊಂಡ ದಿನ ಅವಳು ಅತ್ತಿರಲಿಲ್ಲ, ಬಂದವರಿಗೆ ನೀರು ಕೊಡುವುದು, ಚಾಪೆ ಹಾಸುವುದು ಮಾಡುತ್ತಾ ಓಡಾಡಿದ್ದಳು. ಊರಿನ ಹೆಂಗಸರು ಅದನ್ನೂ ಆಡಿಕೊಂಡರು. ಅವತ್ತು ಕಡಲ ಸದ್ದಿನಲ್ಲಿ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಗುಲಾಬಕ್ಕ ಅವಳ ಬೆನ್ನು ಸವರುತ್ತಾ ಏನೋ ಹೇಳುತ್ತಿದ್ದರು. ಒಂದು ಮಾತೂ ತಿಳಿಯದಿದ್ದರೂ ನಿಮ್ಮವ್ವ ಹೂಂಗುಡುತ್ತಿದ್ದಳು. ದುಭಾಷಿಯ ಅಗತ್ಯ ಬೀಳಲಿಲ್ಲ, ನಾನು ಎದ್ದು ಗಾಡಿಯ ಗಾಳಿ ನೋಡಲು ಹೋದೆ.

ಸಂಜೆ ದೋಣಿಯೊಂದು ಬಂತು. ಗುಲಾಬಕ್ಕ ಒಂದು ಹಿಡಿ ಬೂತಾಯಿ ಮೀನು ತಂದು ಮರಳಿನ ಮೇಲೆ ಹಾಕಿದರು. ಜನ್ಮದಲ್ಲಿ ಮೀನು ಮೂಸದ ಹಂಡ ಒಂದು ಸುತ್ತು ಮೂಸಿ ಬಂದ, ಸೀನಿದ, ಒಂದನ್ನು ತಿಂದ. ಇನ್ನೊಂದು ತಿಂದ. ಬೇರೆ ನಾಯಿಗಳ ಪಾಲಿಗೂ ಬಾಯಿ ಹಾಕಿ ಬೈಸಿಕೊಂಡ. ಆಮೇಲೆ ಬಂದು ನಿಮ್ಮವ್ವನ ತೊಡೆಯ ಮೇಲೆ ಮೂತಿಯಿಟ್ಟು ಅವಳ ಕೈಯಲ್ಲಿದ್ದ ರೊಟ್ಟಿಯನ್ನೂ ತಿಂದ. ನಾನು ಹೇಳಿರಲಿಲ್ಲವೇ, ಕಡಲು ತೋರಿಸಿದರೆ ಸರಿಹೋಗುತ್ತಾನೆ ಎಂದು? ಈಗ ಊರಲ್ಲಿ ಯಾರ ನಾಯಿಗೆ ಕೆಮ್ಮು ಬಂದರೂ ನನ್ನ ಹತ್ತಿರ ಕೇಳುತ್ತಾರೆ.

ರಾತ್ರಿ ಗುಲಾಬಕ್ಕನ ಜಗಲಿಯಲ್ಲೇ ಮಲಗಿ, ಮಾರನೆಯ ದಿನ ಬರುವ ದಾರಿಯಲ್ಲಿ ಇನ್ನೊಂದೆರಡು ಕಡೆ ನಿಲ್ಲಿಸಿದೆ. ದೀಪಸ್ತಂಭ ಇರುವ ಕಡೆ ಒಂದು, ಬಂಡೆಗಳಿರುವ ಕಡೆ ಒಂದು. ಬೆಳಗಿನ ಹೊತ್ತು ಜನವಿರಲಿಲ್ಲ. ಹಂಡ ಎಲ್ಲ ಕಡೆಯೂ ಇಳಿದು ಅಲೆಗಳನ್ನು ಒಂದು ಸುತ್ತು ಗದರಿಸಿ ಬಂದ. ಬಂಡೆಯ ಕಡೆ ಅಲೆ ಎಗರಿ ಮೂಗಿಗೇ ಬಡಿಯಿತು, ಅಲ್ಲಿನವು ಟಗರು ಎಂದುಕೊಂಡಿರಬೇಕು, ಬೇಗ ವಾಪಸಾದ. ನಿಮ್ಮವ್ವ ಒಂದು ಬಾಟಲಿ ಕಡಲ ನೀರು ತುಂಬಿ ಭಾವನ ಕಂಬಳಿಯಲ್ಲಿ ಸುತ್ತಿಟ್ಟುಕೊಂಡಳು.

ಊರಿಗೆ ಬಂದ ಮೇಲಿನ ಸುದ್ದಿ ಇನ್ನೂ ಚೆನ್ನಾಗಿದೆ. ಈಗ ಹಂಡ ಬೆಳಿಗ್ಗೆ ತಾನೇ ಎದ್ದು ಜಂಬುಲಿಂಗಪ್ಪನ ಕುರಿಗಳ ಹಿಂದೆ ಕಾವಲಿಗೆ ಹೋಗುತ್ತಾನೆ. ಯಾರೂ ಕರೆದಿಲ್ಲ, ಸಂಬಳವೂ ಇಲ್ಲ. ಸಂಜೆ ಆ ಕುರಿಗಳನ್ನು ಅವರ ರೊಪ್ಪಕ್ಕೆ ಸೇರಿಸಿ, ನೆಟ್ಟಗೆ ನಿಮ್ಮ ಮನೆಗೆ ಬಂದು ತಟ್ಟೆಯ ಮುಂದೆ ಕೂರುತ್ತಾನೆ. ಪಕ್ಕೆಲುಬು ಮುಚ್ಚಿಹೋಗಿವೆ. ಜಂಬುಲಿಂಗಪ್ಪ, "ನಿನ್ನ ನಾಯಿ ನನ್ನ ಕುರೀನ ನೀರಿಗೆ ಇಳಿಸಕ್ಕೆ ನೋಡ್ತೈತಲ್ಲೋ" ಎಂದು ಬೈಯುತ್ತಾನೆ, ಆದರೆ ಒಂದು ದಿನ ಹಂಡ ಬರುವುದು ತಡವಾದರೆ ಬಾಗಿಲಿಗೆ ಬಂದು ವಿಚಾರಿಸುತ್ತಾನೆ.

ಇನ್ನು ನಿನ್ನ ಟ್ರೈನಿಂಗ್ ಮುಗಿಯುವ ಕವಾಯತಿನ ದಿನ ಯಾವಾಗ ಎಂದು ತಪ್ಪದೆ ತಿಳಿಸು. ನಾನು ಬಿಳಿ ಪಂಚೆ, ರೇಷ್ಮೆ ಅಂಚಿನ ಶಲ್ಯ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಯಾರಾದರೂ ಎಬ್ಬಿಸಲು ಬಂದರೆ ನಿನ್ನ ಹೆಸರು ಹೇಳುತ್ತೇನೆ. ನಿಮ್ಮತ್ತೆ ಓಬಳಮ್ಮ ನಿನಗೆಂದು ಶೇಂಗಾ ಉಂಡೆ ಕಟ್ಟುತ್ತಿದ್ದಾಳೆ, ದಾರಿಯಲ್ಲಿ ಎಷ್ಟು ಉಳಿಯುತ್ತವೋ ಅಷ್ಟನ್ನು ತರುತ್ತೇನೆ. ತಾಯಿ, ನೀನು ಓಡುವ ನೆಲ ನಿನ್ನ ಕಾಲಿಗೆ ಮೆತ್ತಗಿರಲಿ, ಹಾಕುವ ಟೋಪಿ ತಲೆಗೆ ಸರಿಯಾಗಿ ಕೂರಲಿ, ನಾಯಕನಹಟ್ಟಿಯ ಅಜ್ಜಯ್ಯ ನಿನ್ನ ಬೆನ್ನ ಹಿಂದೆಯೇ ಇರಲಿ.

ಇಂತಿ ನಿನ್ನ ಮಾವ,
ಕಾಟಪ್ಪ
(ಕಡಲು ಕಂಡವನು)

ತಾ.ಕ.: ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿದೆ. "ಉಳಿದದ್ದನ್ನು ನೀನು ಬರೆಯದಿದ್ದರೆ ನಾನೇ ಬರೆಯುತ್ತೇನೆ" ಎಂದು ನಿಮ್ಮತ್ತೆ ನನ್ನನ್ನು ಹೆದರಿಸುತ್ತಿದ್ದಾಳೆ, ಅವಳ ಅಕ್ಷರ ನಿನಗೆ ಗೊತ್ತಲ್ಲ.

ಭಾವನ ತಿಥಿ ಮುಗಿಸಿ ನೀನು ಹೊರಡುವ ಹಿಂದಿನ ದಿನ, ರೊಪ್ಪದ ಗೋಡೆಯ ಹಿಂದೆ ನಿಂತು ನನ್ನೊಬ್ಬನಿಗೇ ಹೇಳಿದ್ದೆ, "ಮಾವ, ನಾನು ಹೋಗಿ ರಾಜೀನಾಮೆ ಕೊಟ್ಟು ಬರ್ತೀನಿ. ಅಪ್ಪನ ಕುರಿ ನಾನೇ ಕಾಯ್ತೀನಿ. ಯಾರಿಗೂ ಹೇಳ್ಬೇಡ." ನಾನು ಯಾರಿಗೂ ಹೇಳಲಿಲ್ಲ. ಆದರೆ ಗೋಡೆಯ ಒಳಗೆ ನಿಮ್ಮವ್ವ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಇದನ್ನು ಅವಳು ನನಗೆ ಹೇಳಿದ್ದು ಅಲ್ಲಿ, ಮರಳಿನ ಮೇಲೆ. "ಅವ್ರಪ್ಪ ನನ್ನ ಮಗ್ಳು ಪೊಲೀಸು ಅಂತ ಕಾವಲಿನಾಗೆ ಕುರಿಗಳಿಗೂ ಹೇಳ್ಕೊಂಡು ತಿರುಗಿದ್ದ ಕಣೋ. ಒಂದು ಮರಿ ಉಳಿಸ್ಕೊಂಡಿದ್ರೂ ಅವ್ಳು ಅದ್ರ ಹಿಂದೆ ಬಂದ್ಬಿಡ್ತಿದ್ಳು. ಅದಕ್ಕೇ ಅಷ್ಟೂ ಹೊಡ್ದು ಕಳಿಸ್ದೆ. ನನ್ನ ಬೈಕಂತಾಳಾ, ಬೈಕಳ್ಳಿ. ಬೈಕಂತಾ ಬೈಕಂತಾನಾದ್ರೂ ಅಲ್ಲೇ ಇರ್ತಾಳೆ." ಬಾಯಿ ಬಿಡಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಳು. ಬಾಯಿ ಬಿಟ್ಟಿಲ್ಲ, ಮುಚ್ಚಿಕೊಂಡೇ ಬರೆದಿದ್ದೇನೆ.

ಇನ್ನೊಂದು. ಭಾನುವಾರ ನೀನು ಫೋನ್ ಮಾಡುವ ಹೊತ್ತಿಗೆ ಅವಳು ಮಜ್ಜಿಗೆ ಕೇಳುವ ನೆಪದಲ್ಲಿ ನಮ್ಮ ಪಡಸಾಲೆಗೆ ಬಂದು ಗೋಡೆಗೆ ಒರಗಿ ಕೂರುತ್ತಾಳೆ. ನಾನು ಸ್ಪೀಕರ್ ಹಾಕುವುದು ಅದಕ್ಕೆ, ನನಗೆ ಕಿವಿ ಮಂದವಾಗಿದೆ ಎಂದು ನೀನು ತಿಳಿದಿದ್ದೆ. ಹಂಡ ಏನು ತಿಂದ, ಎಲ್ಲಿ ಮಲಗಿದ ಎಂದು ನೀನು ಕೇಳಿದಾಗಲೆಲ್ಲ ಅವಳು ಕೈಸನ್ನೆ ಮಾಡಿ ತೋರಿಸುತ್ತಿದ್ದಳು, ನಾನು ಬಾಯಿಂದ ಹೇಳುತ್ತಿದ್ದೆ. ಇಷ್ಟು ವಾರ ನೀನು ಮಾತಾಡಿದ್ದು ಅವಳ ಜೊತೆಗೇ ಕಣಮ್ಮ.

ಈ ಭಾನುವಾರ ಫೋನ್ ಮಾಡು. ನಾನು ಎತ್ತುವುದಿಲ್ಲ. ಅವಳ ಕೈಯಲ್ಲೇ ಕೊಟ್ಟು, ನಾನು ಹಂಡನನ್ನು ಕರೆದುಕೊಂಡು ಹೊಲದ ಕಡೆ ಹೋಗಿರುತ್ತೇನೆ.